ನಿಮಿರು ದೌರ್ಬಲ್ಯಕ್ಕೂ ಪೆಡಸಾದ ರಕ್ತನಾಳಗಳಿಗೂ ಇರುವ ನಂಟು

ಪ್ರಶ್ನೆ: ನನಗೆ 54 ವರ್ಷ. ಸುಮಾರು ಒಂದೂವರೆ ವರ್ಷದಿಂದ ಮಿಲನದ ಹೊತ್ತಿನಲ್ಲಿ ನಿಮಿರುವಿಕೆ ಪೂರ್ತಿಯಾಗಿ ಬರುವುದಿಲ್ಲ. ಬಂದರೂ ಕೊನೆಯವರೆಗೆ ನಿಲ್ಲುವುದಿಲ್ಲ. ಬೆಳಗಿನ ಜಾವದ ನಿಮಿರುವಿಕೆಯೂ ಕಡಿಮೆಯಾಗಿದೆ. ಎದೆನೋವು, ಏದುಸಿರು ಯಾವುದೂ ಇಲ್ಲ. ಬಿಪಿ ಮಾತ್ರೆಯೇ ಇದಕ್ಕೆ ಕಾರಣ ಎಂದು ಎಲ್ಲೋ ಓದಿ, ವೈದ್ಯರಿಗೆ ತಿಳಿಸದೆ ಒಂದು ತಿಂಗಳ ಹಿಂದೆ ಅದನ್ನು ನಿಲ್ಲಿಸಿದೆ. ಕಳೆದ ವಾರ ಮಾಡಿಸಿದ ತಪಾಸಣೆಯಲ್ಲಿ ಬಿಪಿ 152/78 ಬಂತು. ಕೈಕಾಲುಗಳಿಗೆ ಪಟ್ಟಿ ಕಟ್ಟಿ ಮಾಡಿದ ಇನ್ನೊಂದು ಪರೀಕ್ಷೆಯಲ್ಲಿ ನಾಡಿ ಅಲೆಯ ವೇಗ ಸೆಕೆಂಡಿಗೆ 16.4 ಮೀಟರ್ ಎಂದೂ, ‘ರಕ್ತನಾಳಗಳ ವಯಸ್ಸು 66’ ಎಂದೂ ಬರೆದಿದ್ದಾರೆ. ಈ ಎರಡು ತೊಂದರೆಗಳಿಗೆ ಸಂಬಂಧವಿದೆಯೇ? ನಿಮಿರುವಿಕೆಗೆಂದು ಕೊಡುವ ಮಾತ್ರೆ ತೆಗೆದುಕೊಳ್ಳಬಹುದೇ? ಪೆಡಸಾದ ರಕ್ತನಾಳ ಮತ್ತೆ ಮೊದಲಿನಂತೆ ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ನೀವು ಬಿಪಿ ಮಾತ್ರೆಯನ್ನು ನಿಲ್ಲಿಸಿರುವುದು. ಆದ್ದರಿಂದ ಕೇಳಿದ ಪ್ರಶ್ನೆಗಳಿಗಿಂತ ಮೊದಲು ಅದನ್ನೇ ಹೇಳುತ್ತೇನೆ. ಈ ವಾರವೇ ನಿಮ್ಮ ವೈದ್ಯರನ್ನು ಕಂಡು, ಮಾತ್ರೆ ನಿಲ್ಲಿಸಿದ್ದನ್ನೂ ಅದಕ್ಕೆ ಕಾರಣವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ, ಅವರು ಹೇಳಿದಂತೆ ಚಿಕಿತ್ಸೆಯನ್ನು ಮತ್ತೆ ಆರಂಭಿಸಿ. ಕೆಲವು ಬಿಪಿ ಮಾತ್ರೆಗಳು, ಮುಖ್ಯವಾಗಿ ಮೂತ್ರ ಹೆಚ್ಚಿಸುವ ಥಯಜೈಡ್ ಗುಂಪಿನವು ಮತ್ತು ಹಳೆಯ ಬೀಟಾ ಬ್ಲಾಕರ್‌ಗಳು, ನಿಮಿರುವಿಕೆಯನ್ನು ಕುಗ್ಗಿಸಬಲ್ಲವು ಎಂಬುದು ನಿಜ. ಆದರೆ ಮಾತ್ರೆಯ ಮೇಲೆ ಹೊರಿಸುವ ತಪ್ಪಿನಲ್ಲಿ ದೊಡ್ಡ ಪಾಲು ಮಾತ್ರೆಯದಾಗಿರುವುದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಇಟಾಲಿಯನ್ ಅಧ್ಯಯನದಲ್ಲಿ ಹೃದ್ರೋಗಿಗಳನ್ನು ಮೂರು ಗುಂಪು ಮಾಡಿ ಎಲ್ಲರಿಗೂ ಅಟೆನೊಲಾಲ್ ಎಂಬ ಒಂದೇ ಬೀಟಾ ಬ್ಲಾಕರ್ ಮಾತ್ರೆಯನ್ನು ಕೊಡಲಾಯಿತು. ಯಾವ ಮಾತ್ರೆ ಎಂಬುದೇ ತಿಳಿಯದವರಲ್ಲಿ ಶೇ. 3ರಷ್ಟು ಜನ ನಿಮಿರುವಿಕೆಯ ತೊಂದರೆ ಹೇಳಿಕೊಂಡರು. ಮಾತ್ರೆಯ ಹೆಸರು ತಿಳಿದವರಲ್ಲಿ ಸುಮಾರು ಶೇ. 16, ಹೆಸರಿನ ಜೊತೆಗೆ ‘ಇದರಿಂದ ನಿಮಿರುವಿಕೆ ಕಡಿಮೆಯಾಗಬಹುದು’ ಎಂದು ಮುಂಚೆಯೇ ಕೇಳಿಸಿಕೊಂಡವರಲ್ಲಿ ಶೇ. 31. ಆತಂಕವೊಂದೇ ಇಷ್ಟು ವ್ಯತ್ಯಾಸ ಮಾಡಬಲ್ಲದು. ನಿಮ್ಮ ಮಾತ್ರೆ ನಿಜಕ್ಕೂ ತೊಂದರೆ ಕೊಡುತ್ತಿದ್ದರೆ ಅದರ ಬದಲಿಗೆ ನಿಮಿರುವಿಕೆಗೆ ಅಡ್ಡಿಯಾಗದ ಬೇರೆ ಗುಂಪಿನ ಮಾತ್ರೆಗಳಿವೆ. ಸಾರ್ಟಾನ್ ಗುಂಪಿನವು ಅವುಗಳಲ್ಲಿ ಮುಖ್ಯವಾದವು. ಅಲ್ಲದೆ, ನೀವು ಮಾತ್ರೆ ಬಿಟ್ಟು ಒಂದು ತಿಂಗಳಾದರೂ ನಿಮಿರುವಿಕೆ ಸುಧಾರಿಸಿದೆ ಎಂದು ಬರೆದಿಲ್ಲ.

ಈಗ ಸಂಬಂಧದ ಪ್ರಶ್ನೆಗೆ ಬರೋಣ. ಸಂಬಂಧವಿದೆ, ಅದು ಗಾಢವಾದದ್ದು. ಅದನ್ನು ತಿಳಿಯಲು ನಿಮಿರುವಿಕೆ ಮೂಲತಃ ರಕ್ತಪರಿಚಲನೆಯ ಘಟನೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಶಿಶ್ನದೊಳಗೆ ಉದ್ದಕ್ಕೂ ಎರಡು ಸ್ಪಂಜಿನಂಥ ಅಂಗಾಂಶಗಳಿವೆ. ಅವುಗಳ ತುಂಬ ರಕ್ತ ತುಂಬಿಕೊಳ್ಳುವ ಸಣ್ಣಸಣ್ಣ ಚೀಲದಂಥ ಕೋಶಗಳಿದ್ದು, ಅವುಗಳ ಗೋಡೆಯಲ್ಲಿ ಇಚ್ಛೆಗೆ ಒಳಪಡದ ನಯ ಸ್ನಾಯು ಇರುತ್ತದೆ. ಮಾಮೂಲು ಸ್ಥಿತಿಯಲ್ಲಿ ಈ ಸ್ನಾಯು ಬಿಗಿದುಕೊಂಡಿರುವುದರಿಂದ ಒಳಗೆ ಹರಿಯುವ ರಕ್ತ ಅತ್ಯಲ್ಪ. ಉದ್ರೇಕವಾದಾಗ ನರತುದಿಗಳಿಂದಲೂ, ರಕ್ತನಾಳಗಳನ್ನು ಒಳಗಿನಿಂದ ಹೊದಿಸಿರುವ ಒಂದೇ ಜೀವಕೋಶದಷ್ಟು ತೆಳ್ಳನೆಯ ಎಂಡೋಥೀಲಿಯಂ ಪೊರೆಯಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ. ಅದು ಸ್ನಾಯುವನ್ನು ಸಡಿಲಿಸಿದಾಗ ಈ ಕೋಶಗಳು ಹಿಗ್ಗಿ ತುಂಬಿಕೊಳ್ಳುತ್ತವೆ. ತುಂಬಿದ ಕೋಶಗಳು ರಕ್ತವನ್ನು ಹೊರಗೊಯ್ಯುವ ಸಣ್ಣ ನಾಳಗಳನ್ನು ಹೊರಗಿನ ಗಟ್ಟಿ ಕವಚಕ್ಕೆ ಒತ್ತಿ ಮುಚ್ಚುತ್ತವೆ. ರಕ್ತ ಒಳಗೇ ಉಳಿಯುತ್ತದೆ, ನಿಮಿರುವಿಕೆ ಇಳಿಯದೆ ಉಳಿದುಕೊಳ್ಳುತ್ತದೆ. ನೈಟ್ರಿಕ್ ಆಕ್ಸೈಡ್ ರಕ್ತನಾಳಗಳಲ್ಲಿ ಸಂದೇಶವಾಹಕದಂತೆ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸಿದ್ದಕ್ಕಾಗಿ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ 1998ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ನಿಮಿರುವಿಕೆಗೆಂದು ಕೊಡುವ ಸಿಲ್ಡೆನಾಫಿಲ್ ಮಾತ್ರೆಗೆ ಅಮೆರಿಕದಲ್ಲಿ ಮೊದಲ ಅನುಮತಿ ದೊರೆತದ್ದೂ ಅದೇ ವರ್ಷ.

ಇನ್ನು ರಕ್ತನಾಳ ಪೆಡಸಾಗುವುದು ಎಂದರೇನು? ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಹಿಗ್ಗುವ ನಾರುಗಳು ಹಾಳೆ ಹಾಳೆಯಾಗಿ ಜೋಡಣೆಯಾಗಿರುತ್ತವೆ. ಹೃದಯ ಪ್ರತಿ ಬಡಿತದಲ್ಲಿ ಸುಮಾರು 70 ಮಿಲಿಲೀಟರ್ ರಕ್ತವನ್ನು ದೂಡಿದಾಗ ಮಹಾಪಧಮನಿ ಹಿಗ್ಗಿ ಅದರಲ್ಲೊಂದು ಭಾಗವನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು, ಹೃದಯ ವಿಶ್ರಮಿಸುವ ಕ್ಷಣದಲ್ಲಿ ಮುಂದಕ್ಕೆ ಒತ್ತುತ್ತದೆ. ಹೀಗಾಗಿ ಸಣ್ಣ ನಾಳಗಳಿಗೆ ಹರಿವು ಬಡಿತ ಬಡಿತವಾಗಿ ಅಪ್ಪಳಿಸದೆ ಹೆಚ್ಚು ಕಡಿಮೆ ಒಂದೇ ಸಮನಾಗಿ ತಲುಪುತ್ತದೆ. ವಯಸ್ಸು, ಏರಿದ ರಕ್ತದೊತ್ತಡ, ಮಧುಮೇಹ, ಧೂಮಪಾನ, ಮೂತ್ರಪಿಂಡದ ಕಾಯಿಲೆ ಇವೆಲ್ಲ ಎಲಾಸ್ಟಿನ್ ನಾರುಗಳನ್ನು ಮುರಿಯುತ್ತವೆ. ಆ ಜಾಗದಲ್ಲಿ ಹಿಗ್ಗದ ಕೊಲಾಜೆನ್ ಕೂಡಿಕೊಳ್ಳುತ್ತದೆ, ಕೆಲವೊಮ್ಮೆ ಸುಣ್ಣದಂಶವೂ ಸೇರುತ್ತದೆ. ಆಗ ರಬ್ಬರ್ ಕೊಳವೆ ಕಬ್ಬಿಣದ ಕೊಳವೆಯಾದಂತೆ ಮೇಲಿನ ಬಿಪಿ ಏರುತ್ತದೆ, ಕೆಳಗಿನ ಬಿಪಿ ಇದ್ದಲ್ಲೇ ಇರುತ್ತದೆ ಅಥವಾ ಇಳಿಯುತ್ತದೆ, ಎರಡರ ನಡುವಿನ ಅಂತರ ಹಿಗ್ಗುತ್ತದೆ. ನಿಮ್ಮ 152 ಮತ್ತು 78ರ ನಡುವಿನ ಅಂತರ 74. ಸಾಮಾನ್ಯವಾಗಿ ಇದು 40ರ ಆಸುಪಾಸಿನಲ್ಲಿರುತ್ತದೆ. 60 ದಾಟಿದರೆ ದೊಡ್ಡ ನಾಳಗಳ ಪೆಡಸುತನವನ್ನು ಶಂಕಿಸಬೇಕು. ಯಾವ ವಿಶೇಷ ಯಂತ್ರವೂ ಇಲ್ಲದೆ, ಬಿಪಿ ಚೀಟಿಯಲ್ಲೇ ಕಾಣುವ ಸೂಚನೆ ಇದು. ಇದನ್ನು ಲೆಕ್ಕ ಹಾಕಿ ನೋಡುವವರು ಕಡಿಮೆ ಎಂಬುದು ನನ್ನ ಬಹುದಿನಗಳ ಬೇಸರ.

ಇಲ್ಲಿ ಒಂದು ಸಹಜವಾದ ಅನುಮಾನ ಏಳುತ್ತದೆ. ಮಹಾಪಧಮನಿ ದೇಹದ ಅತಿ ದೊಡ್ಡ ನಾಳ, ಶಿಶ್ನದ ಅಪಧಮನಿ ಒಂದೆರಡು ಮಿಲಿಮೀಟರ್ ಅಗಲದ್ದು. ಅದರ ಪೆಡಸುತನ ಇದನ್ನು ಹೇಗೆ ಕಾಡುತ್ತದೆ? ಇದಕ್ಕೆ ಮೂರು ದಾರಿಗಳಿವೆ, ಅವು ಒಂದರೊಳಗೊಂದು ಹೆಣೆದುಕೊಂಡಿವೆ. ಮೊದಲನೆಯದು ಬೇರು ಒಂದೇ ಆಗಿರುವುದು. ಎಂಡೋಥೀಲಿಯಂ ದುರ್ಬಲವಾಗಿ ನೈಟ್ರಿಕ್ ಆಕ್ಸೈಡ್ ಕಡಿಮೆಯಾದರೆ ದೊಡ್ಡ ನಾಳಗಳ ಗೋಡೆಯಲ್ಲಿರುವ ಸ್ನಾಯುವೂ ಬಿಗಿಯಾಗುತ್ತದೆ, ಶಿಶ್ನದ ಸ್ನಾಯುವೂ ಸಡಿಲವಾಗಲು ಒಲ್ಲದು. ಎರಡನೆಯದು ಬಡಿತದ ಹೊಡೆತ. ದೊಡ್ಡ ನಾಳ ತಡೆದುಕೊಳ್ಳಬೇಕಾಗಿದ್ದ ಏರಿಳಿತವೆಲ್ಲ ತಡೆಯಿಲ್ಲದೆ ಸಣ್ಣ ನಾಳಗಳವರೆಗೂ ಹೋಗಿ, ಅವುಗಳ ಒಳಪೊರೆಯನ್ನು ಬಡಿತಕ್ಕೊಮ್ಮೆಯಂತೆ ಘಾಸಿಗೊಳಿಸುತ್ತದೆ. ಮಿದುಳು ಮತ್ತು ಮೂತ್ರಪಿಂಡಗಳ ಸಣ್ಣ ನಾಳಗಳು ಇದರಿಂದ ಕೆಡುತ್ತವೆ ಎಂಬುದು ಚೆನ್ನಾಗಿ ತಿಳಿದ ವಿಷಯ. ಶಿಶ್ನದ ನಾಳಗಳಿಗೂ ಇದೇ ತರ್ಕ ಅನ್ವಯಿಸುತ್ತದೆ ಎಂದು ಭಾವಿಸಲಾಗಿದೆ. ಮೂರನೆಯದು ನನಗೆ ಅತ್ಯಂತ ಮುಖ್ಯವಾಗಿ ತೋರುವುದು. ಶಿಶ್ನದ ಸ್ಪಂಜಿನಂಥ ಅಂಗಾಂಶವೂ ಒಂದು ಬಗೆಯ ರಕ್ತನಾಳವೇ, ಆದ್ದರಿಂದ ದೊಡ್ಡ ನಾಳಗಳಿಗೆ ಆಗುವ ಬದಲಾವಣೆ ಅದಕ್ಕೂ ಆಗುತ್ತದೆ. ಅಲ್ಲಿಯೂ ನಯ ಸ್ನಾಯು ಕರಗಿ ಕೊಲಾಜೆನ್ ತುಂಬಿಕೊಂಡರೆ, ಒಳಗೆ ಬರುವ ರಕ್ತ ಸಾಕಷ್ಟಿದ್ದರೂ ಕೋಶಗಳು ಪೂರ್ತಿ ಹಿಗ್ಗುವುದಿಲ್ಲ, ಹೊರನಾಳಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಬಂದ ರಕ್ತ ಸೋರಿಹೋಗುತ್ತದೆ. ‘ಬರುತ್ತದೆ, ಆದರೆ ನಿಲ್ಲುವುದಿಲ್ಲ’ ಎಂಬ ದೂರಿನ ಹಿಂದೆ ಅನೇಕರಲ್ಲಿ ಇರುವುದು ಇದೇ.

ಕೊಬ್ಬಿನಂಶ ಕಟ್ಟಿಕೊಂಡು ನಾಳ ಕಿರಿದಾಗುವುದು ಪೆಡಸುತನಕ್ಕಿಂತ ಬೇರೆ ರೋಗಕ್ರಿಯೆ, ಆದರೆ ಇವೆರಡೂ ಬಹಳ ಸಲ ಜೊತೆಯಾಗಿಯೇ ಇರುತ್ತವೆ. ಪಿಯೆರೊ ಮಾಂಟೊರ್ಸಿ ಎಂಬ ಇಟಲಿಯ ಹೃದ್ರೋಗ ತಜ್ಞರೂ ಅವರ ಸಂಗಡಿಗರೂ 2005ರಲ್ಲಿ ನಾಳಗಳ ಗಾತ್ರವನ್ನು ಆಧರಿಸಿ ಒಂದು ವಿವರಣೆ ಮುಂದಿಟ್ಟರು. ಶಿಶ್ನದ ಅಪಧಮನಿ 1ರಿಂದ 2 ಮಿಲಿಮೀಟರ್, ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳ 3ರಿಂದ 4, ಮಿದುಳಿಗೆ ಹೋಗುವ ಕುತ್ತಿಗೆಯ ನಾಳ 5ರಿಂದ 7 ಮಿಲಿಮೀಟರ್ ಅಗಲವಿರುತ್ತದೆ. ರೋಗ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಬೆಳೆದರೂ ಅತಿ ಕಿರಿದಾದ ನಾಳದಲ್ಲಿ ತೊಂದರೆ ಮೊದಲು ಕಾಣುತ್ತದೆ ಎಂಬುದು ಅವರ ವಾದ. ಇದಕ್ಕೆ ಎರಡು ವರ್ಷ ಮೊದಲು, ತೀವ್ರ ಎದೆನೋವಿನಿಂದ ಆಸ್ಪತ್ರೆಗೆ ಬಂದು ಕೊರೊನರಿ ಕಾಯಿಲೆ ಇರುವುದು ಖಚಿತವಾದ 300 ಪುರುಷರನ್ನು ಇಟಲಿಯಲ್ಲಿ ವಿಚಾರಿಸಿದಾಗ ಅವರಲ್ಲಿ ಶೇ. 49ರಷ್ಟು ಜನರಿಗೆ ನಿಮಿರು ದೌರ್ಬಲ್ಯವಿತ್ತು. ಹಾಗೆ ಇದ್ದವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಅದು ಹೃದಯದ ಲಕ್ಷಣಗಳಿಗಿಂತ ಮೊದಲೇ, ಸರಾಸರಿ ಸುಮಾರು 39 ತಿಂಗಳು ಮುಂಚೆ, ಶುರುವಾಗಿತ್ತು. ಆ ಮೂರು ವರ್ಷಗಳಲ್ಲಿ ಮಾಡಬಹುದಾದದ್ದು ಬಹಳ ಇತ್ತು. ನಿಮ್ಮ ಪತ್ರಕ್ಕೆ ಇಷ್ಟು ವಿವರವಾಗಿ ಉತ್ತರಿಸುತ್ತಿರುವುದೂ ಅದಕ್ಕಾಗಿಯೇ. ಬ್ರಿಟನ್‌ನಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು ಅಂದಾಜು ಮಾಡುವ ಕ್ಯೂರಿಸ್ಕ್ ಸೂತ್ರದ 2017ರ ಆವೃತ್ತಿಯಲ್ಲಿ ನಿಮಿರು ದೌರ್ಬಲ್ಯವನ್ನೂ ಒಂದು ಅಪಾಯಕಾರಿ ಅಂಶವೆಂದು ಸೇರಿಸಿದ್ದಾರೆ. ನಿಮಿರು ದೌರ್ಬಲ್ಯವಿರುವ ಪುರುಷರಲ್ಲೇ ಮಹಾಪಧಮನಿ ಹೆಚ್ಚು ಪೆಡಸಾಗಿದ್ದವರಿಗೆ ಮುಂದಿನ ವರ್ಷಗಳಲ್ಲಿ ಹೃದಯದ ತೊಂದರೆ ಹೆಚ್ಚಾಗಿ ಬಂದದ್ದನ್ನು ಅಥೆನ್ಸ್‌ನ ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಹಾಗೆಂದು ನಿಮಿರು ದೌರ್ಬಲ್ಯವಿರುವ ಎಲ್ಲರಿಗೂ ಹೃದಯಾಘಾತ ಆಗುತ್ತದೆ ಎಂದು ಖಂಡಿತ ತಿಳಿಯಬೇಡಿ. ಅಮೆರಿಕದ ಮಸಾಚುಸೆಟ್ಸ್‌ನಲ್ಲಿ 40ರಿಂದ 70 ವಯಸ್ಸಿನ ಪುರುಷರ ಮೇಲೆ ನಡೆದ ಪ್ರಸಿದ್ಧ ಅಧ್ಯಯನದಲ್ಲಿ ಶೇ. 52ರಷ್ಟು ಜನರಿಗೆ ಒಂದಲ್ಲ ಒಂದು ಮಟ್ಟದ ತೊಂದರೆ ಇತ್ತು, ಅವರೆಲ್ಲರೂ ಹೃದ್ರೋಗಿಗಳಾಗಿರಲಿಲ್ಲ.

ಇನ್ನು ನಿಮ್ಮ ವರದಿ. ನಾಡಿಯ ಅಲೆ ಪೆಡಸಾದ ನಾಳದಲ್ಲಿ ವೇಗವಾಗಿ ಓಡುತ್ತದೆ, ಮೃದುವಾದ ನಾಳದಲ್ಲಿ ನಿಧಾನವಾಗಿ. ಯಂತ್ರ ಅಳೆಯುವುದು ಆ ವೇಗವನ್ನು. ಆದರೆ ಇದನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ, ಎರಡರ ಅಳತೆಗೋಲೂ ಬೇರೆ. ಕುತ್ತಿಗೆಯಿಂದ ತೊಡೆಸಂದಿಯವರೆಗೆ ಅಳೆಯುವುದು ಹೆಚ್ಚು ಅಧ್ಯಯನಗಳಿಂದ ದೃಢಪಟ್ಟ ವಿಧಾನ. ಅದರಲ್ಲಿ ಸೆಕೆಂಡಿಗೆ 10 ಮೀಟರ್‌ಗಿಂತ ಹೆಚ್ಚಿದ್ದರೆ ಪೆಡಸು ಎನ್ನುತ್ತಾರೆ. ನಿಮಗೆ ಮಾಡಿರುವುದು ತೋಳಿನಿಂದ ಕಣಕಾಲಿನವರೆಗಿನ ಅಳತೆ. ಅದರಲ್ಲಿ ಕಾಲಿನ ನಾಳಗಳೂ ಸೇರುವುದರಿಂದ ಅಂಕಿ ಸಹಜವಾಗಿಯೇ ಹೆಚ್ಚು ಬರುತ್ತದೆ. 14ರ ಮೇಲೆ ಎಚ್ಚರಿಕೆ, 18ರ ಮೇಲೆ ಹೆಚ್ಚಿನ ಅಪಾಯ ಎಂದು ಸ್ಥೂಲವಾಗಿ ಪರಿಗಣಿಸುತ್ತಾರೆ. ಆದ್ದರಿಂದ ನಿಮ್ಮ 16.4ನ್ನು 10ರ ಜೊತೆ ಹೋಲಿಸಿ ಗಾಬರಿಯಾಗಬೇಡಿ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಅಲೆಯ ವೇಗ ಆ ಹೊತ್ತಿನ ರಕ್ತದೊತ್ತಡದ ಮೇಲೂ ಅವಲಂಬಿಸಿರುತ್ತದೆ. ಒತ್ತಡ ಏರಿದರೆ ಅದೇ ನಾಳ ಬಿಗಿಯಾಗಿ ವೇಗ ಹೆಚ್ಚುತ್ತದೆ. ನೀವು ಮಾತ್ರೆ ಬಿಟ್ಟು ಮೂರು ವಾರವಾದ ಮೇಲೆ, ಬಿಪಿ 152 ಇದ್ದಾಗ ತೆಗೆದ ಅಂಕಿ ಇದು. ಇದರಲ್ಲಿ ಎಷ್ಟು ಪಾಲು ನಾಳದ ಗೋಡೆಯದು, ಎಷ್ಟು ಪಾಲು ಆ ದಿನದ ಒತ್ತಡದ್ದು ಎಂದು ಬೇರ್ಪಡಿಸಲಾಗದು. ಬಿಪಿ ಹತೋಟಿಗೆ ಬಂದ ಕೆಲವು ತಿಂಗಳ ನಂತರ, ಹತ್ತು ನಿಮಿಷ ಸುಮ್ಮನೆ ಮಲಗಿದ್ದು, ಅದಕ್ಕೆ ಕೆಲವು ಗಂಟೆ ಮೊದಲಿನಿಂದ ಕಾಫಿ ಮತ್ತು ಸಿಗರೇಟ್ ಬಿಟ್ಟು, ಅದೇ ಬಗೆಯ ಯಂತ್ರದಲ್ಲಿ ಮತ್ತೆ ಅಳೆಸಿದರೆ ಆ ಅಂಕಿಗೆ ಹೆಚ್ಚು ಬೆಲೆಯಿದೆ. ‘ರಕ್ತನಾಳಗಳ ವಯಸ್ಸು 66’ ಎಂಬ ಸಾಲಿಗೆ ನಾನು ಮಹತ್ವ ಕೊಡುವುದಿಲ್ಲ. ಅದು ಯಂತ್ರದೊಳಗಿನ ಸರಾಸರಿಗಳ ಪಟ್ಟಿಯಿಂದ ಬಂದ ಅಂದಾಜು. ಓದಿದವರಲ್ಲಿ ಭಯ ಹುಟ್ಟಿಸುವಷ್ಟು ಚಿಕಿತ್ಸೆಗೆ ನೆರವಾಗುವುದಿಲ್ಲ.

ನಿಮ್ಮ ಸಂದರ್ಭದಲ್ಲಿ ಪೆಡಸುತನವೇ ಕಾರಣವೆಂದು ಒಂದು ಅಂಕಿಯಿಂದ ತೀರ್ಮಾನಿಸಲಾಗದು. ತೊಂದರೆ ನಿಧಾನವಾಗಿ ಬೆಳೆದದ್ದು ಮತ್ತು ಬೆಳಗಿನ ನಿಮಿರುವಿಕೆಯೂ ಕುಗ್ಗಿರುವುದು ಮಾತ್ರ ದೈಹಿಕ ಕಾರಣದ ಕಡೆಗೇ ಬೆರಳು ತೋರುತ್ತವೆ. ಮನಸ್ಸಿನ ಒತ್ತಡವೊಂದೇ ಕಾರಣವಾಗಿದ್ದರೆ ಸಾಮಾನ್ಯವಾಗಿ ತೊಂದರೆ ಹಠಾತ್ತನೆ ಶುರುವಾಗಿ, ಬೆಳಗಿನ ನಿಮಿರುವಿಕೆ ಉಳಿದಿರುತ್ತದೆ. ಖಾಲಿ ಹೊಟ್ಟೆಯ ಶುಗರ್, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್, ಒಂದು ಇಸಿಜಿ ಇಷ್ಟನ್ನು ಮಾಡಿಸಿ. ಟೆಸ್ಟೊಸ್ಟೆರಾನ್ ಪರೀಕ್ಷೆಗೆ ರಕ್ತವನ್ನು ಬೆಳಿಗ್ಗೆಯೇ ಕೊಡಬೇಕು. ಕಡಿಮೆ ಬಂದರೆ ಇನ್ನೊಂದು ಬೆಳಿಗ್ಗೆ ಮತ್ತೆ ನೋಡದೆ ಚಿಕಿತ್ಸೆ ಶುರು ಮಾಡಬಾರದು. ರಕ್ತದ ಹರಿವಿನ ವೇಗವನ್ನು ಅಳೆಯುವ ಶಿಶ್ನದ ಡಾಪ್ಲರ್ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ, ಮಾತ್ರೆಗೆ ಜಗ್ಗದಿದ್ದಾಗ ಅದರಿಂದ ಉಪಯೋಗವಿದೆ. ಚುಚ್ಚುಮದ್ದು ಕೊಟ್ಟು ನಿಮಿರುವಿಕೆ ತರಿಸಿ ಅಳೆದಾಗ ಒಳಬರುವ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 25 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಪೂರೈಕೆಯಲ್ಲೇ ಕೊರತೆ ಇದೆ ಎಂದರ್ಥ. 35ಕ್ಕಿಂತ ಹೆಚ್ಚಿದ್ದೂ ನಿಮಿರುವಿಕೆ ನಿಲ್ಲದಿದ್ದರೆ ಸೋರಿಕೆಯನ್ನು ಶಂಕಿಸುತ್ತಾರೆ.

ಪೆಡಸಾದ ನಾಳ ಮೊದಲಿನಂತಾಗುತ್ತದೆಯೇ ಎಂದರೆ, ಪೂರ್ತಿಯಾಗಿ ಇಲ್ಲ, ಆದರೆ ಗಮನಾರ್ಹವಾಗಿ ಸುಧಾರಿಸುತ್ತದೆ. ಎಲಾಸ್ಟಿನ್ ಹೆಚ್ಚಾಗಿ ಬೆಳವಣಿಗೆಯ ವಯಸ್ಸಿನಲ್ಲೇ ತಯಾರಾಗಿ ದಶಕಗಳ ಕಾಲ ಬಾಳುತ್ತದೆ. ಮುರಿದ ನಾರನ್ನು ದೇಹ ಮತ್ತೆ ಸರಿಯಾಗಿ ಹೆಣೆಯಲಾರದು. ಪೆಡಸುತನದ ಇನ್ನೊಂದು ಪಾಲು ಏರಿದ ಒತ್ತಡದಿಂದ, ಸ್ನಾಯುವಿನ ಬಿಗಿತದಿಂದ, ದುರ್ಬಲ ಎಂಡೋಥೀಲಿಯಂನಿಂದ ಬಂದದ್ದು, ಆ ಪಾಲನ್ನು ತಗ್ಗಿಸಬಹುದು. ಬಿಪಿಯನ್ನು ಹತೋಟಿಯಲ್ಲಿಡುವುದು, ಉಪ್ಪು ಕಡಿಮೆ ಮಾಡುವುದು, ಧೂಮಪಾನವಿದ್ದರೆ ಬಿಡುವುದು, ಹೊಟ್ಟೆಯ ಬೊಜ್ಜು ಇಳಿಸುವುದು ಇವೆಲ್ಲ ನೀವು ಕೇಳಿಯೇ ಇರುವ ಮಾತುಗಳು. ಇವುಗಳಿಂದ ನಿಮಿರುವಿಕೆಯೇ ಮರಳಬಲ್ಲದು ಎಂಬುದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. 2004ರಲ್ಲಿ ಪ್ರಕಟವಾದ ಇಟಲಿಯ ಇನ್ನೊಂದು ಪ್ರಯೋಗದಲ್ಲಿ ನಿಮಿರು ದೌರ್ಬಲ್ಯವಿದ್ದ 110 ಸ್ಥೂಲಕಾಯದ ಪುರುಷರಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷ ಆಹಾರ ಮತ್ತು ವ್ಯಾಯಾಮದ ಬಗ್ಗೆ ನಿಕಟ ಮಾರ್ಗದರ್ಶನ ಕೊಟ್ಟಾಗ ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಜನ, ಮಾತ್ರೆಯಿಲ್ಲದೆ, ಸಹಜ ಸ್ಥಿತಿಗೆ ಮರಳಿದರು. ವ್ಯಾಯಾಮದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ವಾರಕ್ಕೆ ನಾಲ್ಕು ಸಲ, ಸಲಕ್ಕೆ 40 ನಿಮಿಷ, ಉಸಿರು ಸ್ವಲ್ಪ ಜೋರಾಗುವಷ್ಟು ಬಿರುಸಿನ ವ್ಯಾಯಾಮವನ್ನು ಆರು ತಿಂಗಳು ಮಾಡಬೇಕೆಂದು ಸೂಚಿಸಿದ್ದಾರೆ. ಆರು ತಿಂಗಳು ಎಂಬುದನ್ನು ಗಮನಿಸಿ. ಮೂರನೇ ವಾರದಲ್ಲಿ ಫಲ ಕಾಣಲಿಲ್ಲವೆಂದು ಬಿಡುವವರೇ ಹೆಚ್ಚು.

ಅಲ್ಲಿಯವರೆಗೆ ಮಾತ್ರೆ ತೆಗೆದುಕೊಳ್ಳಬಾರದೆಂದೇನೂ ಇಲ್ಲ. ಸಿಲ್ಡೆನಾಫಿಲ್, ಟಡಾಲಾಫಿಲ್ ಮುಂತಾದವು ನೈಟ್ರಿಕ್ ಆಕ್ಸೈಡ್‌ನ ಸಂದೇಶವನ್ನು ಮುಂದಕ್ಕೊಯ್ಯುವ ರಾಸಾಯನಿಕವನ್ನು ಒಡೆಯುವ ಕಿಣ್ವಕ್ಕೆ ತಡೆಯೊಡ್ಡುತ್ತವೆ. ಇರುವಷ್ಟು ಸಂದೇಶ ಹೆಚ್ಚು ಹೊತ್ತು ಉಳಿಯುತ್ತದೆ. ಸಂದೇಶವೇ ಹೊರಡದಿದ್ದರೆ ಅವು ಕೆಲಸ ಮಾಡವು, ಆದ್ದರಿಂದ ಉದ್ರೇಕ ಬೇಕೇ ಬೇಕು. ಸಿಲ್ಡೆನಾಫಿಲ್ ಅನ್ನು ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಜಿಡ್ಡಿನ ಊಟದ ಮೇಲೆ ತೆಗೆದುಕೊಂಡರೆ ಪರಿಣಾಮ ತಡವಾಗುತ್ತದೆ. ಒಂದೆರಡು ಸಲ ಫಲ ಕೊಡದಿದ್ದರೆ ವಿಫಲವಾಯಿತು ಎನ್ನಬೇಡಿ. ಸರಿಯಾದ ಪ್ರಮಾಣದಲ್ಲಿ ಆರೆಂಟು ಸಲವಾದರೂ ಪ್ರಯತ್ನಿಸಿ ನೋಡಬೇಕು. ಇವು ನಾಳದ ರೋಗವನ್ನು ವಾಸಿ ಮಾಡುವುದಿಲ್ಲವಾದ್ದರಿಂದ, ನಿಮಿರುವಿಕೆ ಬಂತೆಂದು ಬಿಪಿಯ ಚಿಕಿತ್ಸೆಯನ್ನು ಮತ್ತೆ ಮರೆಯುವಂತಿಲ್ಲ. ವೈದ್ಯರ ಚೀಟಿಯಿಲ್ಲದೆ ಗುಟ್ಟಾಗಿ ತರಿಸಿ ನುಂಗಬೇಡಿ. ನಿಮ್ಮ ಬಿಪಿ ಮಾತ್ರೆಗಳಲ್ಲಿ ಅಥವಾ ಪ್ರಾಸ್ಟೇಟ್‌ಗೆ ಕೊಡುವ ಮಾತ್ರೆಗಳಲ್ಲಿ ಆಲ್ಫಾ ಬ್ಲಾಕರ್ ಇದ್ದರೆ ಎರಡೂ ಸೇರಿ ಒತ್ತಡ ಕುಸಿದು ತಲೆಸುತ್ತು ಬರಬಹುದು, ಅದನ್ನು ನೋಡಿಯೇ ಪ್ರಮಾಣ ನಿರ್ಧರಿಸಬೇಕು. ಎದೆನೋವಿಗೆ ನೈಟ್ರೇಟ್ ಬಳಸುವವರಿಗಂತೂ ಈ ಮಾತ್ರೆಗಳು ಸಂಪೂರ್ಣ ನಿಷಿದ್ಧ, ಜೀವಕ್ಕೇ ಅಪಾಯ.

ಮಿಲನದ ಶ್ರಮವನ್ನು ಹೃದಯ ತಾಳಬಲ್ಲದೇ ಎಂಬ ಚಿಂತೆ ನಿಮಗೂ ನಿಮ್ಮ ಪತ್ನಿಗೂ ಇರಬಹುದು. ನಿಲ್ಲದೆ ಎರಡು ಮಹಡಿ ಹತ್ತಿದರೂ, ಇಪ್ಪತ್ತು ನಿಮಿಷ ಬಿರುಸಾಗಿ ನಡೆದರೂ ಎದೆಯಲ್ಲಿ ಬಿಗಿತವಾಗಲಿ ಅತಿಯಾದ ಏದುಸಿರಾಗಲಿ ಬರದಿದ್ದರೆ ಸಾಮಾನ್ಯವಾಗಿ ಭಯಪಡಬೇಕಿಲ್ಲ. ಬಂದರೆ ಮೊದಲು ಹೃದ್ರೋಗ ತಜ್ಞರನ್ನು ಕಾಣಿ, ಮಾತ್ರೆಯ ವಿಚಾರ ಆಮೇಲೆ. ಈ ಮಾತುಕತೆಗೆ ಸಾಧ್ಯವಾದರೆ ಪತ್ನಿಯವರನ್ನೂ ಜೊತೆಗೆ ಕರೆದೊಯ್ಯಿರಿ. ಗಂಡನಿಗೆ ತನ್ನಲ್ಲಿ ಆಸಕ್ತಿ ಹೋಗಿದೆ ಎಂದುಕೊಂಡು ಒಳಗೊಳಗೇ ನೊಂದ ಎಷ್ಟೋ ಹೆಣ್ಣುಮಕ್ಕಳು, ಇದು ರಕ್ತನಾಳದ ಕಾಯಿಲೆ ಎಂದು ವೈದ್ಯರ ಬಾಯಿಂದ ಕೇಳಿದ ಮೇಲೆ ನಿರಾಳವಾದದ್ದನ್ನು ಕಂಡಿದ್ದೇನೆ. ಅವರಿಗೆ ತಿಳಿದಿರಬೇಕಾದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮಾತ್ರೆ ತೆಗೆದುಕೊಂಡ ದಿನ ಎಂದಾದರೂ ಎದೆನೋವು ಬಂದರೆ ಮಿಲನವನ್ನು ಅಲ್ಲಿಗೇ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಹೋಗಬೇಕು, ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗಿದಿರಿ ಎಂದು ಅಲ್ಲಿನ ವೈದ್ಯರಿಗೆ ನೀವೋ ಅವರೋ ಮೊದಲು ಹೇಳಬೇಕು. ಸಿಲ್ಡೆನಾಫಿಲ್ ಆಗಿದ್ದರೆ 24 ಗಂಟೆ, ಟಡಾಲಾಫಿಲ್ ಆಗಿದ್ದರೆ 48 ಗಂಟೆ ಕಳೆಯುವವರೆಗೆ ಅವರು ನೈಟ್ರೇಟ್ ಕೊಡದೆ ಬೇರೆ ದಾರಿಯಲ್ಲಿ ಚಿಕಿತ್ಸೆ ನೀಡುತ್ತಾರೆ.